ಕೇಳಿ ಪಡೆದ ಅರಿವು, ಕೇಳದೆ ಪಡೆದ ಅರಿವು

ನಮ್ಮ ಸೀಮೆಯ ಆಡುಮಾತಿನಲ್ಲಿ ಬುದ್ಧಿ ತಪ್ಪುವುದಕ್ಕೆ ಎರಡು ಹೆಸರುಗಳಿವೆ. ಜ್ವರ ನೆತ್ತಿಗೇರಿ ರೋಗಿಯು ಸಂಬಂಧವಿಲ್ಲದ ಮಾತುಗಳನ್ನು ಬಡಬಡಿಸತೊಡಗಿದರೆ ‘ಸನ್ನಿ ಹಿಡಿಯಿತು’ ಎನ್ನುತ್ತಾರೆ. ಮುಪ್ಪಿನಲ್ಲಿ ನೆನಪು ಮಾಸಿ, ಉಂಡದ್ದು ಮರೆತು, ಹೆತ್ತ ಮಕ್ಕಳನ್ನೇ ‘ಯಾರಪ್ಪಾ ನೀನು’ ಎಂದು ಕೇಳುವಂತಾದರೆ ‘ಅರಳುಮರಳು’ ಎನ್ನುತ್ತಾರೆ. ಮೊದಲನೆಯದಕ್ಕೆ ವೈದ್ಯನನ್ನು ಕರೆಯುವ ರೂಢಿಯುಂಟು. ಎರಡನೆಯದಕ್ಕೆ ಯಾರನ್ನೂ ಕರೆಯುವ ರೂಢಿಯಿಲ್ಲ. ಅದು ವಯಸ್ಸಿನ ಧರ್ಮವೆಂದು ಸುಮ್ಮನಾಗುತ್ತಾರೆ. ಈ ಎರಡು ಪದಗಳ ನಡುವಿನ ಗೆರೆಯು ನಾವು ತಿಳಿದಷ್ಟು ಸ್ಪಷ್ಟವಾದುದಲ್ಲವೆಂಬುದನ್ನು ವೈದ್ಯಶಾಸ್ತ್ರವು ಕಳೆದ ನೂರು ವರ್ಷಗಳಲ್ಲಿ ತೋರಿಸಿಕೊಟ್ಟಿದೆ. ಅದನ್ನು ತೋರಿಸಿಕೊಡುವ ಹಾದಿಯಲ್ಲಿ ಯಾರ ದೇಹದಿಂದ, ಯಾರ ಒಪ್ಪಿಗೆಯಿಂದ ಈ ಅರಿವು ದೊರೆಯಿತೆಂಬುದು ಬೇರೆಯೇ ಒಂದು ಕಥೆ. ಆ ಕಥೆಯ ಕೆಲವು ಪುಟಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯದತ್ತ ನನ್ನ ಮನಸ್ಸು ಹೊರಳಿದ್ದಕ್ಕೆ ಕಾರಣ ನನ್ನ ಸೋದರತ್ತೆ. ಮಾಗಡಿ ಸೀಮೆಯ ಸೋಲೂರಿನಲ್ಲಿ, ನೆಲಮಂಗಲದಿಂದ ಕುಣಿಗಲ್ಲಿಗೆ ಹೋಗುವ ಹೆದ್ದಾರಿಯ ಊರಿನಲ್ಲಿ, ಆಕೆ ಬಹುಕಾಲ ಬಾಳಿದವರು. 2011ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಒಂದು ಸಂಜೆ ಇದ್ದಕ್ಕಿದ್ದಂತೆ ತೀರಿಹೋದ ಯಜಮಾನರನ್ನು ಊಟಕ್ಕೆ ಕರೆಯತೊಡಗಿದರು. ಮೈ ಅಷ್ಟೇನೂ ಬಿಸಿಯಿರಲಿಲ್ಲ. ನೆರೆಹೊರೆಯವರು ‘ವಯಸ್ಸಾಯಿತು, ಅರಳುಮರಳು’ ಎಂದು ಸಮಾಧಾನ ಹೇಳಿದರು. ಮೂರನೆಯ ದಿನ ಉಸಿರಾಟ ಕಷ್ಟವಾದಾಗ ಅವರನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಅದು ಅರಳುಮರಳಾಗಿರಲಿಲ್ಲ, ಶ್ವಾಸಕೋಶಕ್ಕೆ ತಗುಲಿದ ತೀವ್ರ ಸೋಂಕು. ಹತ್ತು ದಿನಗಳಲ್ಲಿ ಆಕೆ ನಮ್ಮೆಲ್ಲರನ್ನೂ ಹೆಸರು ಹಿಡಿದು ಕರೆಯುವಂತಾದರು.

ಆ ನಡುವೆ ಒಂದು ಸಣ್ಣ ಘಟನೆ ನಡೆದಿತ್ತು. ಯುವ ವೈದ್ಯರೊಬ್ಬರು ಕೆಲವು ಕಾಗದಗಳನ್ನು ತಂದು, ಇಂಥ ರೋಗಿಗಳ ಬಗ್ಗೆ ಅಧ್ಯಯನ ನಡೆಯುತ್ತಿದೆ, ಚಿಕಿತ್ಸೆಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ರಕ್ತವನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತೇವೆ ಎಂದರು. ನಾನು ಪೂರ್ತಿ ಓದದೆ ಸಹಿ ಹಾಕಿದೆ. ಸೂಜಿ ಚುಚ್ಚುವಾಗಲೆಲ್ಲ ಅತ್ತೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನೇ ಆ ಕೈಯನ್ನು ಒತ್ತಿ ಹಿಡಿಯುತ್ತಿದ್ದೆ. ಗುಣವಾಗಿ ಊರಿಗೆ ಮರಳಿದ ಮೇಲೆ ಒಮ್ಮೆ ಈ ಸಂಗತಿ ಆಕೆಗೆ ತಿಳಿಯಿತು. ಕೋಪಿಸಿಕೊಳ್ಳಲಿಲ್ಲ. ‘ಅಲ್ಲ ಕಣಪ್ಪ, ನನ್ನ ರಕ್ತಕ್ಕೆ ನನ್ನನ್ನ ಕೇಳಬೇಕಿತ್ತಲ್ವಾ? ಕೇಳಿದ್ರೆ ನಾನು ಬೇಡ ಅಂತಿದ್ನಾ?’ ಎಂದಷ್ಟೇ ಅಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಪ್ರಶ್ನೆ, ಹೊಸ ಪ್ರಶ್ನೆ

ಔಷಧದ ಶುದ್ಧಿಯನ್ನು ಕುರಿತ ಚಿಂತನೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಕೃತಿಯನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದಾಗ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ಮುಂದಿಟ್ಟನು. ಅದಕ್ಕೂ ಮೊದಲು ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದ ‘ಕಲ್ಯಾಣಕಾರಕ’ದಲ್ಲಿ ಇದೇ ನಿಲುವನ್ನು ಪ್ರತಿಪಾದಿಸಿದ್ದರು. ಆ ಕಾಲದ ಪ್ರಶ್ನೆ ‘ಈ ಮದ್ದಿನಲ್ಲಿ ಏನು ಸೇರಿದೆ’ ಎಂಬುದು. ಇಂದಿನ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ: ‘ಈ ಮದ್ದು ಗುಣಕಾರಿಯೆಂದು ತಿಳಿದದ್ದು ಹೇಗೆ? ಅದನ್ನು ತಿಳಿಯುವುದಕ್ಕಾಗಿ ಯಾರು ಏನನ್ನು ಕೊಟ್ಟರು?’ ಮದ್ದಿನ ಸೀಸೆಯೊಳಗೆ ಕಾಣದಿರುವ ಈ ಅಂಶವೂ ಮದ್ದಿನ ಶುದ್ಧಿಗೆ ಸೇರಿದ್ದೇ ಆಗಿದೆ.

ನಮ್ಮ ನಾಡಿನಲ್ಲಿ ಈ ಹೊಸ ಪ್ರಶ್ನೆ ತಲೆಯೆತ್ತಿದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ವೇಳೆಗೆ ಬೆಂಗಳೂರನ್ನು ಮುಟ್ಟಿತು. ಊರನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಜನರ ಕಥೆಗಳನ್ನು ಹಳೆಯ ಮೈಸೂರಿನ ಮನೆಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳುಳ್ಳ ಬಡಾವಣೆಗಳಾಗಿ ಬೆಳೆದದ್ದಕ್ಕೆ ಆ ಮಾರಿಯೂ ಒಂದು ಕಾರಣ.

ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸಿದವನು ವಾಲ್ಡೆಮಾರ್ ಹಾಫ್‌ಕಿನ್. ಆತನು 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಪರರಿಗೆ ಕೊಡುವುದನ್ನು ತಾನು ಮೊದಲು ಸೇವಿಸಿ ನೋಡುವ ಈ ನಡತೆ ಮೆಚ್ಚತಕ್ಕದ್ದು. ಆದರೆ ಅದೇ ತಿಂಗಳ ಕೊನೆಯಲ್ಲಿ ಮುಂದಿನ ಪರೀಕ್ಷೆ ನಡೆದದ್ದು ಮುಂಬಯಿಯ ಬೈಕುಲ್ಲಾ ಕಾರಾಗೃಹದಲ್ಲಿ, ಸ್ವಇಚ್ಛೆಯಿಂದ ಮುಂದೆ ಬಂದರೆಂದು ಹೇಳಲಾದ ಕೈದಿಗಳ ಮೇಲೆ. ಬೀಗ ಹಾಕಿದ ಬಾಗಿಲಿನ ಹಿಂದಿರುವವನ ಸ್ವಇಚ್ಛೆ ಎಂಥದೆಂಬ ಪ್ರಶ್ನೆಯನ್ನು ಅಂದು ಕೇಳಿದವರು ವಿರಳ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಲಾಯಿತು. ಅಲ್ಲಿಯ ಅನುಭವ ಲಸಿಕೆಯ ಪರವಾದ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಯಿತು.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ದೋಷವನ್ನು ಹಾಫ್‌ಕಿನ್ನನ ಮೇಲೆ ಹೊರಿಸಲಾಯಿತು. ಸೀಸೆಯನ್ನು ತೆರೆಯುವಾಗ ಹಳ್ಳಿಯಲ್ಲಿಯೇ ಅದು ಮಲಿನಗೊಂಡಿರಬೇಕೆಂಬ ವಾದಕ್ಕೆ ಮನ್ನಣೆ ದೊರೆತು ಆತನು ದೋಷಮುಕ್ತನಾದದ್ದು 1907ರಲ್ಲಿ. ಆ ಐದು ವರ್ಷಗಳ ವಾದವಿವಾದವೆಲ್ಲ ವಿಜ್ಞಾನಿಯ ಮಾನವನ್ನು ಕುರಿತದ್ದು. ಸತ್ತ 19 ಮಂದಿಗೆ ಚುಚ್ಚುವ ಮೊದಲು ಏನನ್ನು ತಿಳಿಸಲಾಗಿತ್ತು ಎಂಬುದು ಅಂದಿನ ಚರ್ಚೆಯ ಕೇಂದ್ರಕ್ಕೆ ಬರಲಿಲ್ಲ.

ಚೀಟಿ ಎತ್ತಿ ಹಂಚಿದ ಮದ್ದು

ಮದ್ದಿನ ಗುಣವನ್ನು ಅಳೆಯುವ ಇಂದಿನ ವಿಧಾನ ನೆಲೆಗೊಂಡದ್ದು ಕ್ಷಯರೋಗದ ಅಧ್ಯಯನದಲ್ಲಿ. ಎರಡನೆಯ ಮಹಾಯುದ್ಧ ಮುಗಿದಾಗ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಅಮೆರಿಕದಿಂದ ಇಂಗ್ಲೆಂಡಿಗೆ ಅತ್ಯಲ್ಪ ಪ್ರಮಾಣದಲ್ಲಿ ಬಂದಿತು. ಎಲ್ಲರಿಗೂ ಕೊಡುವಷ್ಟು ಮದ್ದಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ಲನ ಸಲಹೆಯಂತೆ 107 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. 55 ಮಂದಿಗೆ ಮದ್ದು ಮತ್ತು ವಿಶ್ರಾಂತಿ. 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯ ಗುಂಪಿನಲ್ಲಿ 14 ಮಂದಿ ಸತ್ತರು. 1948ರಲ್ಲಿ ಪ್ರಕಟವಾದ ಈ ಫಲಿತಾಂಶವು ವೈದ್ಯಲೋಕದ ಚಿಂತನಕ್ರಮವನ್ನೇ ಬದಲಿಸಿತು.

ಈ ಅಧ್ಯಯನದಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಎರಡು ಸಂಗತಿಗಳಿವೆ. ಮೊದಲನೆಯದು: ಮಿದುಳಿನ ಪೊರೆಗೆ ಕ್ಷಯ ತಗುಲಿದವರನ್ನು ಈ ಚೀಟಿಯ ವ್ಯವಸ್ಥೆಗೆ ಒಳಪಡಿಸಲಿಲ್ಲ. ಅಂಥ ರೋಗಿಗೆ ಬುದ್ಧಿ ಮಂಕಾಗಿ, ಪ್ರಜ್ಞೆ ತಪ್ಪಿ, ಸಾವು ಖಚಿತವಾಗಿದ್ದ ಕಾಲವದು. ಸಾವು ಖಚಿತವಾಗಿರುವೆಡೆ ಹೋಲಿಕೆಯ ಅಗತ್ಯವಿಲ್ಲ, ಇರುವ ಮದ್ದಿನ ಮೇಲೆ ಅವರಿಗೇ ಮೊದಲ ಹಕ್ಕು ಎಂದು ಸಂಶೋಧಕರು ತೀರ್ಮಾನಿಸಿದರು. ವಿಜ್ಞಾನದ ಹಸಿವಿಗೆ ಕರುಣೆಯು ಹಾಕಿದ ಮೇರೆ ಇದು. ಎರಡನೆಯದು: ಮದ್ದು ದೊರೆಯದ 52 ಮಂದಿಗೆ ತಾವು ಒಂದು ಪ್ರಯೋಗದ ಭಾಗವೆಂಬುದೇ ತಿಳಿದಿರಲಿಲ್ಲ. ಒಂದೇ ಅಧ್ಯಯನದೊಳಗೆ ಇಷ್ಟು ಸೂಕ್ಷ್ಮವಾದ ಕರುಣೆಯೂ ಇಷ್ಟು ದೊಡ್ಡ ಮೌನವೂ ಒಟ್ಟಿಗೆ ನೆಲೆಸಿದ್ದವು.

ಈ ವಿಧಾನ ದಕ್ಷಿಣ ಭಾರತಕ್ಕೆ ಬೇಗನೆ ಬಂದಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಮ್ಮಿನಲ್ಲಿಯೂ ಕೆಲವರನ್ನು ಅವರವರ ಮನೆಗಳಲ್ಲಿಯೂ ಇರಿಸಿ, ಎರಡೂ ಕಡೆ ಒಂದೇ ಮಾತ್ರೆಗಳನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಫಲಿತಾಂಶ ಹೊರಬಂದಾಗ, ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ, ಹಾಸಿಗೆಯ ವಿಶ್ರಾಂತಿ ಇಲ್ಲದೆಯೂ ಮನೆಯ ರೋಗಿಗಳು ಬಹುಮಟ್ಟಿಗೆ ಸ್ಯಾನಿಟೋರಿಯಮ್ಮಿನವರಂತೆಯೇ ಗುಣಮುಖರಾಗಿದ್ದುದು ಕಂಡುಬಂದಿತು. ಮನೆಮಂದಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ಮನೆಮಠ ಬಿಟ್ಟು ತಿಂಗಳುಗಟ್ಟಲೆ ದೂರದಲ್ಲಿ ಮಲಗಬೇಕಾಗಿದ್ದ ಕೋಟ್ಯಂತರ ಬಡವರಿಗೆ ಈ ಅರಿವು ಬಿಡುಗಡೆಯಾಯಿತು. ಸಂಶೋಧನೆಯೆಂದರೆ ಬಡವರ ಮೇಲಿನ ಅನ್ಯಾಯವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರು ಈ ಉದಾಹರಣೆಯನ್ನು ನೆನೆಯಬೇಕು.

ನಮ್ಮ ಸುತ್ತಣ ಹಳ್ಳಿಗಳು

ಈಗ ಕಥೆ ನಮ್ಮ ಮನೆಯಂಗಳಕ್ಕೆ ಬರುತ್ತದೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಇಡೀ ದೇಶಕ್ಕೆ ಅನ್ವಯವಾಗುವ ಕ್ಷಯ ನಿಯಂತ್ರಣ ಕ್ರಮವನ್ನು ರೂಪಿಸುವುದು ಅದರ ಹೊಣೆ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಅದು ಸುತ್ತಲ ಹಳ್ಳಿಗಳಿಂದ ಸಂಗ್ರಹಿಸಿತು.

ಮೊದಲನೆಯ ಮುಖ್ಯ ಅಧ್ಯಯನ ನಡೆದದ್ದು ತುಮಕೂರು ಜಿಲ್ಲೆಯಲ್ಲಿ. ಹಳ್ಳಿಗರಿಗೆ ರೋಗದ ಪರಿವೆಯಿಲ್ಲ, ಅವರನ್ನು ಹುಡುಕಿಕೊಂಡು ಹೋಗಿ ಎಚ್ಚರಿಸಬೇಕು ಎಂಬುದು ಅಂದಿನ ವಿದ್ಯಾವಂತರ ನಂಬಿಕೆ. ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಕಫದಲ್ಲಿ ರೋಗಾಣು ಕಂಡುಬಂದವರ ಮನೆಗಳಿಗೆ ಹೋಗಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆಯೆಂಬ ಅರಿವಿತ್ತು; ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಹಾಗೆ ಹೋದವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸುವುದು ರೂಢಿಯಾಗಿತ್ತು. ಮರೆವು ಇದ್ದದ್ದು ಹಳ್ಳಿಗರಲ್ಲಲ್ಲ, ವ್ಯವಸ್ಥೆಯಲ್ಲಿ. ಆಸ್ಪತ್ರೆಗೆ ತಾವಾಗಿ ಬರುವ ಕೆಮ್ಮಿನ ರೋಗಿಗಳ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕೆಂಬ ಸರಳ ತತ್ತ್ವದ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ರೋಗಿಯನ್ನು ಸಂಖ್ಯೆಯಾಗಿ ಎಣಿಸುವುದರ ಜೊತೆಗೆ ಅವನ ಮಾತನ್ನೂ ಕೇಳಿದ್ದರಿಂದ ದೊರೆತ ಫಲವಿದು.

ಎರಡನೆಯ ಅಧ್ಯಯನ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ನಡೆಯಿತು. ಅಂದು ಮಾಗಡಿ, ನೆಲಮಂಗಲ, ರಾಮನಗರ, ಕನಕಪುರ, ಚನ್ನಪಟ್ಟಣಗಳೆಲ್ಲವೂ ಅದೇ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 1986ರಲ್ಲಿ ಗ್ರಾಮಾಂತರ ಜಿಲ್ಲೆಯೂ 2007ರಲ್ಲಿ ರಾಮನಗರ ಜಿಲ್ಲೆಯೂ ರೂಪುಗೊಂಡದ್ದು ನಂತರದ ಮಾತು. ಅರವತ್ತು ಸಾವಿರಕ್ಕೂ ಹೆಚ್ಚಿನ ಜನಸಂಖ್ಯೆಯನ್ನು ನಾಲ್ಕು ಸಲ ಪರೀಕ್ಷಿಸಲಾಯಿತು. ತೋಳಿಗೆ ಚುಚ್ಚಿ ಸೋಂಕನ್ನು ಗುರುತಿಸುವುದು, ಕ್ಷ-ಕಿರಣ ಚಿತ್ರ ತೆಗೆಯುವುದು, ಸಂದೇಹ ಬಂದವರ ಕಫವನ್ನು ಪರೀಕ್ಷಿಸುವುದು ಅದರ ಕ್ರಮ. ಮೊದಲ ಸುತ್ತಿನಲ್ಲಿ ರೋಗವಿದೆಯೆಂದು ಕಂಡುಬಂದವರು ಐದು ವರ್ಷಗಳ ನಂತರ ಏನಾದರು? ನೂರಕ್ಕೆ ಸುಮಾರು 49 ಮಂದಿ ಸತ್ತಿದ್ದರು. ಸುಮಾರು 18 ಮಂದಿಯ ಕಫದಲ್ಲಿ ಇನ್ನೂ ರೋಗಾಣು ಇತ್ತು. ಉಳಿದ ಮೂರನೆಯ ಒಂದು ಪಾಲು ಮಂದಿಯಲ್ಲಿ ರೋಗಾಣು ಮಾಯವಾಗಿತ್ತು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಂಕಿಗಳನ್ನು, ಸಂಘಟಿತ ಚಿಕಿತ್ಸೆ ಇಲ್ಲದೆಡೆ ಕ್ಷಯ ಹೇಗೆ ನಡೆಯುತ್ತದೆ ಎಂಬುದಕ್ಕೆ ಲೋಕದ ತಜ್ಞರು ಇಂದಿಗೂ ಉದಾಹರಿಸುತ್ತಾರೆ.

ಈ ಅಂಕಿಗಳನ್ನು ಓದುವಾಗ ಮನಸ್ಸು ಅಳುಕುತ್ತದೆ. ಕ್ಷಯಕ್ಕೆ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ 1952ರಲ್ಲಿಯೇ ಬಳಕೆಗೆ ಬಂದಿತ್ತು. ಮದ್ದು ಲೋಕದಲ್ಲಿದ್ದರೂ ಆ ಹಳ್ಳಿಗಳನ್ನು ವ್ಯವಸ್ಥಿತವಾಗಿ ತಲುಪಿರಲಿಲ್ಲ. ರೋಗದ ನಡೆಯನ್ನು ಅಳೆಯುವುದಕ್ಕೂ ರೋಗಿಯ ಸಾವನ್ನು ಎಣಿಸುವುದಕ್ಕೂ ನಡುವೆ ಎಷ್ಟು ಅಂತರವಿರಬೇಕು? ಇಂದಿನ ನಿಯಮಗಳ ಗಜಕಡ್ಡಿಯಿಂದ ಅಂದಿನವರನ್ನು ಅಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಮಾನವರ ಮೇಲಿನ ಸಂಶೋಧನೆಯನ್ನು ಕುರಿತ ಹೆಲ್ಸಿಂಕಿ ಘೋಷಣೆ ಹೊರಬಂದದ್ದು 1964ರಲ್ಲಿ, ಆ ಅಧ್ಯಯನ ಅರ್ಧ ನಡೆದಿದ್ದಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆ ಬಂದದ್ದು 1980ರಲ್ಲಿ. ದೇಶದಲ್ಲಿ ರೋಗವೆಷ್ಟಿದೆ, ಅದು ಹೇಗೆ ಹರಡುತ್ತದೆ ಎಂಬುದೇ ತಿಳಿಯದಿದ್ದಾಗ, ಇರುವ ಅಲ್ಪಧನವನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದನ್ನು ಇಂಥ ಅಧ್ಯಯನವಲ್ಲದೆ ಬೇರಾವುದೂ ಹೇಳಲಾರದಾಗಿತ್ತು. ಆದರೂ ಪ್ರಶ್ನೆ ಉಳಿಯುತ್ತದೆ, ಉಳಿಯಬೇಕು.

ಸೋಂಕು ಬುದ್ಧಿಯನ್ನು ಕದ್ದಾಗ

ಸನ್ನಿ ಮತ್ತು ಅರಳುಮರಳು ಬೆಸೆದುಕೊಂಡದ್ದನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಮಾನಸಿಕ ಆಸ್ಪತ್ರೆಗಳು ಕಣ್ಣಾರೆ ಕಂಡಿದ್ದವು. ನಡುವಯಸ್ಸಿನ ಅನೇಕರು ನೆನಪು, ವಿವೇಕಗಳನ್ನು ಕಳೆದುಕೊಂಡು, ಕೈಕಾಲು ಸೋತು, ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬವರು ಅಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನು ತೋರಿಸಿದಾಗ, ಬುದ್ಧಿನಾಶವೆಂದು ಕರೆದದ್ದು ಹಳೆಯ ಸೋಂಕಿನ ಫಲವೆಂದು ಖಚಿತವಾಯಿತು. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಇಂಥ ರೋಗಿಗಳಿಗೆ ಮಲೇರಿಯಾ ರೋಗಿಯ ರಕ್ತವನ್ನು ಚುಚ್ಚಿ ಜ್ವರ ಬರಿಸಿ, ಆ ಬಳಿಕ ಕ್ವಿನೈನಿನಿಂದ ಜ್ವರವನ್ನು ಇಳಿಸುವ ಚಿಕಿತ್ಸೆಯನ್ನು ಕೈಗೊಂಡನು. ಕೆಲವರು ಚೇತರಿಸಿಕೊಂಡರು, ಕೆಲವರು ಮಲೇರಿಯಾದಿಂದಲೇ ಸತ್ತರು. 1927ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬುದ್ಧಿ ಕಳೆದುಕೊಂಡವನ ಒಪ್ಪಿಗೆಯ ಮಾತು ಆ ಮನ್ನಣೆಯ ನಡುವೆ ಕೇಳಿಬರಲಿಲ್ಲ. 1943ರ ನಂತರ ಪೆನ್ಸಿಲಿನ್ ಬಂದು ಆ ಚಿಕಿತ್ಸೆಯೇ ಅನಗತ್ಯವಾಯಿತು.

ಅದೇ ಸಿಫಿಲಿಸ್ ಸಂಶೋಧನೆಯ ಇತಿಹಾಸದ ಅತ್ಯಂತ ಕಪ್ಪು ಅಧ್ಯಾಯಕ್ಕೂ ವಸ್ತುವಾಯಿತು. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ 399 ಮಂದಿ ಬಡ ಕರಿಯ ರೋಗಿಗಳನ್ನು ಚಿಕಿತ್ಸೆ ಕೊಡುತ್ತಿರುವುದಾಗಿ ನಂಬಿಸಿ, ಪೆನ್ಸಿಲಿನ್ ಬಂದ ಮೇಲೂ ಅದು ಅವರಿಗೆ ದೊರೆಯದಂತೆ ನೋಡಿಕೊಂಡು, ರೋಗ ಬೆಳೆಯುವ ಬಗೆಯನ್ನು ಅಲ್ಲಿಯ ಸರ್ಕಾರವೇ ದಾಖಲಿಸಿತು. 1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ, ಮುಪ್ಪು ಮತ್ತು ದೀರ್ಘರೋಗಗಳಿಂದ ಬಳಲುತ್ತಿದ್ದ 22 ಮಂದಿಗೆ ಹೇಳದೆಯೇ ಜೀವಂತ ಕ್ಯಾನ್ಸರ್ ಕಣಗಳನ್ನು ಚುಚ್ಚಲಾಯಿತು. ಅವರಲ್ಲಿ ಹೇಳಿದ್ದನ್ನು ಗ್ರಹಿಸುವ ಶಕ್ತಿಯಿಲ್ಲದವರೂ ಇದ್ದರು. ನಮ್ಮ 119 ಹಳ್ಳಿಗಳ ಅಧ್ಯಯನವನ್ನು ಇವುಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಟಸ್ಕೀಗಿಯಲ್ಲಿ ಇದ್ದದ್ದು ಉದ್ದೇಶಪೂರ್ವಕವಾದ ವಂಚನೆ. ಆದರೆ ಎಲ್ಲವೂ ಕಲಿಸುವ ಪಾಠ ಒಂದೇ: ಯಾರ ಬಾಯಿಗೆ ಬಲವಿಲ್ಲವೋ ಅವರ ದೇಹವೇ ಅರಿವಿನ ಹಸಿವಿಗೆ ಮೊದಲು ಕಣ್ಣಿಗೆ ಬೀಳುತ್ತದೆ.

ಹಾಗೆಂದು ಬುದ್ಧಿ ಮಾಸಿದವರನ್ನು ಸಂಶೋಧನೆಯಿಂದ ಪೂರ್ತಿ ದೂರವಿಡಬೇಕೆ? ಇದಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಿಂದ ಬೆಳೆದು 1974ರಲ್ಲಿ ಇಂದಿನ ರೂಪ ತಳೆದ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ವಿವೇಚನೆ ಕುಂದುವ ಕಾಯಿಲೆ, ಇದ್ದ 129 ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಸುಮಾರು 18 ಮಂದಿಯ ಕಾಯಿಲೆಗೆ ಸರಿಪಡಿಸಬಹುದಾದ ಕಾರಣಗಳಿದ್ದವು. ಮಿದುಳಿನ ಸೋಂಕುಗಳು, ಮಿದುಳಿನಲ್ಲಿ ನೀರು ತುಂಬಿಕೊಳ್ಳುವುದು, ಬಿ-12 ಜೀವಸತ್ತ್ವದ ಕೊರತೆ ಅವುಗಳಲ್ಲಿ ಮುಖ್ಯ. ಅಂದರೆ ‘ಅರಳುಮರಳು’ ಎಂದು ಮೂಲೆಗೆ ಸರಿಸಿದವರಲ್ಲಿ ಕೆಲವರು ಮರಳಿ ಬರಬಲ್ಲವರು. ಅಧ್ಯಯನ ನಡೆಯದಿದ್ದರೆ ಈ ಭರವಸೆ ಬರಿಯ ಊಹೆಯಾಗಿ ಉಳಿಯುತ್ತಿತ್ತು.

ಮತ್ತೊಂದು ನಿದರ್ಶನ ಇನ್ನೂ ಮಾರ್ಮಿಕವಾದುದು. ಡಿಮೆನ್ಷಿಯಾದ ವೃದ್ಧರು ರಾತ್ರಿಯೆಲ್ಲ ಕೂಗಾಡಿದಾಗ, ಹೊಡೆಯಲು ಬಂದಾಗ, ಚಿತ್ತವಿಕಾರದ ಮಾತ್ರೆಗಳನ್ನು ಕೊಟ್ಟು ಮಲಗಿಸುವ ಪದ್ಧತಿ ಎಲ್ಲೆಡೆ ಹಬ್ಬಿತ್ತು. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಅಂಥ ಮಾತ್ರೆ ಪಡೆದ ವೃದ್ಧರಲ್ಲಿ ಸಾವಿನ ಪ್ರಮಾಣ ಬರಿಯ ಗುಳಿಗೆ ಪಡೆದವರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚೆಂದು ಎಚ್ಚರಿಸಿತು. ಆ ಸಾವುಗಳಲ್ಲಿ ಹಲವು ಹೃದಯದ ತೊಂದರೆಯಿಂದ, ಹಲವು ನ್ಯುಮೋನಿಯಾದಂಥ ಸೋಂಕಿನಿಂದ ಆದವು. ಮನೆಯವರ ನೆಮ್ಮದಿಗಾಗಿ ಕೊಟ್ಟ ಮದ್ದು ರೋಗಿಯ ಆಯುಷ್ಯವನ್ನು ಕಸಿಯುತ್ತಿತ್ತು. ಪರೀಕ್ಷಿಸದೆ ಕೊಡುವ ಮದ್ದು ಸಹ ಒಂದು ಪ್ರಯೋಗವೇ. ಅದರ ಫಲವನ್ನು ಯಾರೂ ಬರೆದಿಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ; ಅದು ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ವರ್ಷ ದಾಟಿದ 10,000 ಹಳ್ಳಿಗರನ್ನು ಬಹುಕಾಲ ಹಿಂಬಾಲಿಸಿ ನೋಡುವ ಗುರಿಯ ಅಧ್ಯಯನವನ್ನು ಆರಂಭಿಸಿತು. ಅರವತ್ತರ ದಶಕದಲ್ಲಿ ಕ್ಷಯವನ್ನು ಅರಿಯಲು ಹಳ್ಳಿಗಳತ್ತ ತಿರುಗಿದ ಬೆಂಗಳೂರಿನ ವಿಜ್ಞಾನ, ಈಗ ಮರೆವನ್ನು ಅರಿಯಲು ಮತ್ತೆ ಹಳ್ಳಿಗಳತ್ತ ತಿರುಗಿದೆ. ಒಂದು ವ್ಯತ್ಯಾಸವುಂಟು. ಬುದ್ಧಿ ನೆಟ್ಟಗಿರುವಾಗಲೇ ಮನುಷ್ಯನನ್ನು ಕೇಳಿ ಅಧ್ಯಯನಕ್ಕೆ ಸೇರಿಸಿಕೊಳ್ಳುವ ಅವಕಾಶ ಈ ಬಗೆಯ ದೀರ್ಘಕಾಲದ ಅಧ್ಯಯನಗಳಲ್ಲಿದೆ.

ಹಿಂದೆಗೆದ ಕೈ

ಕಾನೂನು ಸಹ ನಿಧಾನವಾಗಿಯಾದರೂ ಮುಂದೆ ಬಂದಿದೆ. ಸಂಶೋಧನಾ ಮಂಡಳಿಯ 1980ರ ಹೇಳಿಕೆಯು 2000, 2006 ಮತ್ತು 2017ರಲ್ಲಿ ವಿಸ್ತೃತ ಮಾರ್ಗಸೂಚಿಗಳಾಗಿ ಬೆಳೆಯಿತು. 2019ರ ಹೊಸ ಔಷಧಗಳ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ನೀತಿ ಸಮಿತಿಯ ಅನುಮತಿಯಿಲ್ಲದೆ ಪ್ರಯೋಗ ನಡೆಯಕೂಡದೆಂದೂ, ಪ್ರಯೋಗದಿಂದ ಹಾನಿಯಾದವರಿಗೆ ಪರಿಹಾರ ಕೊಡಬೇಕೆಂದೂ ವಿಧಿಸಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ತಾನಾಗಿ ಒಪ್ಪಿಗೆ ಕೊಡಲಾರದ ರೋಗಿಯು ಪಾಲ್ಗೊಳ್ಳುವಿಕೆಯನ್ನು ಪ್ರತಿರೋಧಿಸದೆ ಇದ್ದಾಗ ಮಾತ್ರ, ಅವನ ಪ್ರತಿನಿಧಿಯ ಸಮ್ಮತಿ ಪಡೆದು, ರಾಜ್ಯದ ಪ್ರಾಧಿಕಾರದ ಅನುಮತಿಯನ್ನೂ ಪಡೆದು, ಅಂಥವರಲ್ಲದೆ ಬೇರೆಯವರಿಂದ ತಿಳಿಯಲಾಗದ ವಿಷಯಕ್ಕಾಗಿಯೇ ಸಂಶೋಧನೆ ನಡೆಯಬೇಕು ಎಂಬುದು ಅದರ ಆಶಯ. ‘ಪ್ರತಿರೋಧಿಸದೆ ಇದ್ದಾಗ’ ಎಂಬ ಮಾತನ್ನು ಓದಿದ ದಿನ ನನಗೆ ಅತ್ತೆಯ ಹಿಂದೆಗೆದ ಕೈ ನೆನಪಾಯಿತು. ಮಾತು ಕೆಟ್ಟವರಿಗೆ ಕೈಯೇ ಮಾತು. ನಾನು ಆ ಮಾತನ್ನು ಒತ್ತಿ ಹಿಡಿದಿದ್ದೆ.

ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸುತ್ತ ಬಂದಿರುವ ನಾವು ಮದ್ದನ್ನು ಕೊಟ್ಟವನನ್ನು ಮಾತ್ರ ದಾನಿಯೆನ್ನುತ್ತೇವೆ. ಆ ಮದ್ದು ಗುಣಕಾರಿಯೆಂದು ತಿಳಿಯುವುದಕ್ಕೆ ತನ್ನ ರಕ್ತವನ್ನು, ಕಫವನ್ನು, ಕಾಲವನ್ನು, ಕೆಲವೊಮ್ಮೆ ಪ್ರಾಣವನ್ನೂ ಕೊಟ್ಟ ರೋಗಿ ಮೊದಲನೆಯ ದಾನಿ. ಆದರೆ ದಾನವು ದಾನವಾಗುವುದು ಕೊಡುವವನು ಕೊಟ್ಟಾಗ ಮಾತ್ರ. ಕೊಡದಿರುವುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಹಿರಿಯರು ‘ಅದತ್ತಾದಾನ’ವೆಂಬ ಹೆಸರಿಟ್ಟು, ಅದನ್ನು ಚೌರ್ಯದಲ್ಲಿ ಎಣಿಸಿದರು. ತೆಗೆದುಕೊಂಡವನ ಉದ್ದೇಶ ಒಳ್ಳೆಯದಿದ್ದರೂ, ಕೇಳಿದ್ದರೆ ಅವಳು ಖಂಡಿತ ಕೊಡುತ್ತಿದ್ದಳೆಂಬುದು ನಿಜವಿದ್ದರೂ, ಕೇಳದೆ ತೆಗೆದುಕೊಂಡದ್ದು ಅವಳ ದಾನಕ್ಕೆ ಇದ್ದ ಅವಕಾಶವನ್ನೇ ಕಸಿಯಿತು. ಅತ್ತೆಯ ಮಾತಿನಲ್ಲಿದ್ದ ನೋವು ಇದೇ ಇರಬೇಕು. ಆಕೆ ಕೆಲವು ತೊಟ್ಟು ರಕ್ತವನ್ನಲ್ಲ, ಕೊಡುವ ಪುಣ್ಯವನ್ನು ಕಳೆದುಕೊಂಡಿದ್ದರು.

ಆದುದರಿಂದ ಮನೆಯ ಹಿರಿಯರ ಬಗ್ಗೆ ನಾವು ಮಾಡಬಹುದಾದ ಕೆಲವು ಸಾಮಾನ್ಯ ಕೆಲಸಗಳಿವೆ. ವೃದ್ಧರ ಬುದ್ಧಿ ದಿನ ಎರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಕದಡಿದರೆ ಅದನ್ನು ಅರಳುಮರಳೆನ್ನದೆ ಕೂಡಲೇ ವೈದ್ಯರಿಗೆ ತೋರಿಸಬೇಕು; ಜ್ವರ ಕಾಣದಿದ್ದರೂ ಒಳಗೆ ಸೋಂಕು ಇರಬಹುದು. ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟಾಗ ಯಾವುದು ಚಿಕಿತ್ಸೆ, ಯಾವುದು ಸಂಶೋಧನೆ ಎಂದು ಬೇರ್ಪಡಿಸಿ ಕೇಳಬೇಕು. ಸಂಶೋಧನೆಗೆ ಒಲ್ಲೆನೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲವೆಂಬುದನ್ನು ನೆನಪಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರ ಬುದ್ಧಿ ತಿಳಿಯಾಗಿರುವಾಗಲೇ ಅವರ ಪಕ್ಕದಲ್ಲಿ ಕುಳಿತು, ‘ಮುಂದೆ ಇಂಥ ಸಂದರ್ಭ ಬಂದರೆ ಏನು ಮಾಡೋಣ’ ಎಂದು ಕೇಳಿಟ್ಟುಕೊಳ್ಳಬೇಕು. ಆಸ್ತಿಯ ಬಗ್ಗೆ ಕೇಳುವ ನಾವು ದೇಹದ ಬಗ್ಗೆ ಕೇಳಲು ಸಂಕೋಚಪಡುತ್ತೇವೆ.

ಅತ್ತೆ ತೀರಿಕೊಂಡು ವರ್ಷಗಳಾದವು. ಸೋಲೂರಿಗೆ ಹೋದಾಗಲೆಲ್ಲ ಆ ಹೆದ್ದಾರಿಯ ಎರಡೂ ಬದಿಯ ಹಳ್ಳಿಗಳನ್ನು ನೋಡುತ್ತೇನೆ. ಈ ಸೀಮೆಯ ಹಿಂದಿನ ತಲೆಮಾರಿನವರು ಕ್ಷ-ಕಿರಣದ ಯಂತ್ರದ ಮುಂದೆ ಎದೆಯೊಡ್ಡಿ ನಿಂತದ್ದರಿಂದ, ಡಬ್ಬಿಯಲ್ಲಿ ಕಫ ಹಿಡಿದು ಕೊಟ್ಟದ್ದರಿಂದ ದೇಶಕ್ಕೆ ಕ್ಷಯದ ನಿಜಸ್ಥಿತಿ ತಿಳಿಯಿತು. 1974ರ ಆ ಪ್ರಬಂಧದಲ್ಲಿ ಅವರ ಸಂಖ್ಯೆಯಿದೆ, ವಯಸ್ಸಿದೆ, ಸಾವಿನ ಲೆಕ್ಕವಿದೆ. ಹೆಸರುಗಳಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಇಂದು ನಮ್ಮಲ್ಲಿ ಯಾರಾದರೂ ಕೆಮ್ಮಿಗೆಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ ಕಫ ಪರೀಕ್ಷೆಗೆ ಚೀಟಿ ಬರೆದುಕೊಟ್ಟರೆ, ಅದರ ಹಿಂದೆ ಆ ಜನರ ಕೊಡುಗೆಯಿದೆ. ಅವರನ್ನು ಯಾರಾದರೂ ಕೂಡಿಸಿಕೊಂಡು ಸರಿಯಾಗಿ ಕೇಳಿದ್ದರೆ, ನನ್ನ ಅತ್ತೆಯಂತೆಯೇ ಅವರೂ ಬೇಡವೆನ್ನುತ್ತಿರಲಿಲ್ಲ.